ಅಂಕಿಗೆ ನಿಲುಕದ್ದು

ಹಳೆಯ ಆಟಗಾರರ ಅಂಕಿಗಳನ್ನು ಬಾಯಿಪಾಠ ಮಾಡುವ ಹವ್ಯಾಸ ನಮ್ಮ ಮುಧೋಳದ ಹುಡುಗರಲ್ಲೂ ಉಂಟು. ಭದ್ರಾವತಿಯ ಜಿ. ಆರ್. ವಿಶ್ವನಾಥರು 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆ, ಆಮೇಲೆ 137 ಹೊಡೆದರೆಂದು ಕೇಳುವ ಮುನ್ನವೇ ಹೇಳಿಯಾರು. ಇದನ್ನು ನಾನು ಹೀಗಳೆಯಲಾರೆ. ನೆನಪೂ ಒಂದು ಬಗೆಯ ಗೌರವವೇ. ಆದರೆ ಅಂಕಿ ಏನನ್ನು ಉಳಿಸುತ್ತದೆ, ಏನನ್ನು ಬಿಡುತ್ತದೆ?

1980ರ ಫೆಬ್ರುವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿಗೆ ವಿಶ್ವನಾಥರೇ ನಾಯಕರು. ಇಂಗ್ಲೆಂಡಿನ ಐದು ವಿಕೆಟ್ಟು ಬಿದ್ದಿದ್ದವು. ಬಾಬ್ ಟೇಲರರನ್ನು ಅಂಪೈರು ಔಟೆಂದರು. ಚೆಂಡು ಬ್ಯಾಟಿಗೆ ತಗಲಿಲ್ಲವೆಂದು ಅರಿತ ವಿಶ್ವನಾಥರು ಅವರನ್ನು ಮರಳಿ ಆಡಿಸಿದರು. ಟೇಲರರು 43 ಓಟ ಗಳಿಸಿದರು. ಬೋಥಮರೊಡನೆ ಅವರ ಜೊತೆಯಾಟ 171ಕ್ಕೆ ಬೆಳೆಯಿತು. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು.

ಹನ್ನೊಂದು ಜನರ ಗೆಲುವನ್ನು ತನಗೆ ತಿಳಿದ ಸತ್ಯಕ್ಕಾಗಿ ಪಣಕ್ಕಿಡುವ ಹಕ್ಕು ನಾಯಕನಿಗುಂಟೆ? ಸುಲಭದ ಪ್ರಶ್ನೆಯಲ್ಲ. ಸ್ವಂತ ಹಣದಲ್ಲಿ ಧರ್ಮ ಮಾಡುವುದು ಬೇರೆ, ಹತ್ತು ಮಂದಿಯ ಗಂಟಿನಲ್ಲಿ ಮಾಡುವುದು ಬೇರೆ. ಆದರೆ ಆ ವಿಕೆಟ್ಟು ತಂಡದ ಗಂಟಿನಲ್ಲಿ ಇರಲೇ ಇಲ್ಲವಲ್ಲ! ತನ್ನದಲ್ಲದ್ದನ್ನು ಹಿಂದಿರುಗಿಸುವುದು ದಾನವಲ್ಲ. ಅದಕ್ಕೆ ಉಳಿದವರ ಅಪ್ಪಣೆಯೂ ಬೇಡ.

ಸೋಲು-ಗೆಲುವಿನ ಲೆಕ್ಕ ಸಾಲದೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ನಮ್ಮೂರ ಕವಿ ರನ್ನನ ಗದಾಯುದ್ಧದಲ್ಲಿ ನಿಯಮ ಮೀರಿ ತೊಡೆಗೆ ಹೊಡೆದ ಭೀಮ ಗೆಲ್ಲುತ್ತಾನೆ. ಓದುವವನ ಮನಸ್ಸು ಮಾತ್ರ ಬಿದ್ದ ಕೌರವನ ಬಳಿ ನಿಲ್ಲುತ್ತದೆ. ಗೆದ್ದವರು ಯಾರೆಂದು ಹೇಳುವುದಷ್ಟೇ ನೆನಪಿನ ಕೆಲಸವಾಗಿದ್ದರೆ ಕಾವ್ಯ ಬೇಕಿರಲಿಲ್ಲ. ಹುಡುಗರು 137ರ ಜೊತೆಗೆ ಟೇಲರರ 43ನ್ನೂ ವಿಶ್ವನಾಥರ ಹೆಸರಿನಲ್ಲೇ ನೆನಪಿಡಲಿ.