ಈಗ ಆಡುತ್ತಿರುವವರು

'ಫೈರ್‌ವಾಚ್' ಎಂಬ ವಿಡಿಯೊ ಗೇಮ್ 2016ರ ಫೆಬ್ರವರಿಯಲ್ಲಿ ಬಂತು. ಅಮೆರಿಕದ ವಯೋಮಿಂಗ್ ಕಾಡು, 1989ರ ಬೇಸಿಗೆ. ಕಾಳ್ಗಿಚ್ಚು ಕಂಡರೆ ಸುದ್ದಿ ಮುಟ್ಟಿಸುವ ಕೆಲಸಕ್ಕೆ ಹೆನ್ರಿ ಎಂಬ ನಡುವಯಸ್ಸಿನವನೊಬ್ಬ ಸೇರಿಕೊಂಡಿದ್ದಾನೆ. ಹೆಂಡತಿಗೆ ಚಿಕ್ಕ ವಯಸ್ಸಿನಲ್ಲೇ ಮರೆವಿನ ಕಾಯಿಲೆ ಹತ್ತಿದೆ. ಅದನ್ನು ಎದುರಿಸಲಾರದೆ ಇಲ್ಲಿಗೆ ಬಂದು ಕೂತವನು. ಅವನಿಗೆ ಜೊತೆಯೆಂದರೆ ಒಂದು ದನಿ ಮಾತ್ರ, ದೂರದ ಮತ್ತೊಂದು ಕಾವಲುಗೋಪುರದಿಂದ ವಾಕಿಟಾಕಿಯಲ್ಲಿ ಮಾತಾಡುವ ಡಿಲೈಲಾಳದು. ಇಲ್ಲಿ ಗುಂಡು ಹಾರಿಸುವುದಿಲ್ಲ, ಅಂಕ ಗಳಿಸುವುದಿಲ್ಲ. ಕಾಡಿನಲ್ಲಿ ನಡೆಯಬೇಕು, ಅವಳ ಮಾತಿಗೆ ಏನು ಹೇಳಬೇಕೆಂದು ಆರಿಸಿಕೊಳ್ಳಬೇಕು. ಸುಮಾರು ನಾಲ್ಕು ಗಂಟೆಯಲ್ಲಿ ಕಥೆ ಮುಗಿಯುತ್ತದೆ. ಮೊದಲ ವರ್ಷದೊಳಗೇ ಅದರ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಒಂದು ಲೆಕ್ಕ ಹಾಕೋಣ. 10 ಲಕ್ಷ ಜನ ತಲಾ ನಾಲ್ಕು ಗಂಟೆ ಆಡಿದರೆ 40 ಲಕ್ಷ ಗಂಟೆ. ವರ್ಷಕ್ಕೆ ಇರುವುದು 8,760 ಗಂಟೆ. ಭಾಗಿಸಿದರೆ, ವರ್ಷದ ಯಾವ ಗಳಿಗೆಯಲ್ಲಿ ಇಣುಕಿದರೂ ಆ ಕಾಡಿನಲ್ಲಿ ಸರಾಸರಿ 457 ಮಂದಿ ಸಿಗುತ್ತಾರೆ. ಅಷ್ಟೇ 10 ಲಕ್ಷ ಜನ ದಿನಕ್ಕೊಂದು ಗಂಟೆಯಂತೆ ವರ್ಷವಿಡೀ ಗುಂಪು ಕಟ್ಟಿಕೊಂಡು ಗುಂಡಿನ ಕಾಳಗದ ಗೇಮ್ ಆಡಿದರೆ, ಯಾವ ಗಳಿಗೆಯಲ್ಲಿ ನೋಡಿದರೂ ಅಲ್ಲಿ 41,000ಕ್ಕೂ ಹೆಚ್ಚು ಜನ ಇರುತ್ತಾರೆ. ಎರಡೂ ಕಡೆ ಕೊಂಡವರು ಅಷ್ಟೇ, ತೃಪ್ತಿಯೂ ಅಷ್ಟೇ ಇರಬಹುದು. ಆದರೂ ಒಂದು ಗಿಜಿಗುಡುವಂತೆ, ಇನ್ನೊಂದು ಪಾಳು ಬಿದ್ದಂತೆ ಕಾಣುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಯಾವ ಗೇಮನ್ನು ಈಗ ಎಷ್ಟು ಜನ ಆಡುತ್ತಿದ್ದಾರೆ ಎಂಬ ಅಂಕಿ ಎಲ್ಲರಿಗೂ ಕಾಣುವಂತಿದೆ. ಅದು ಇಳಿಯುತ್ತಿದ್ದಂತೆ 'ಡೆಡ್ ಗೇಮ್' ಎಂದು ಷರಾ ಬರೆಯುವುದು ಆಟಗಾರರಲ್ಲಿ ರೂಢಿಯಾಗಿಬಿಟ್ಟಿದೆ. ಕಥೆ ಹೇಳುವ ಗೇಮಿಗೂ ಅದೇ ಷರಾ ಹಚ್ಚುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಮುಗಿದದ್ದಕ್ಕೂ ಸತ್ತದ್ದಕ್ಕೂ ಇರುವ ವ್ಯತ್ಯಾಸ ಅಲ್ಲಿ ಅಳಿಸಿಹೋಗಿರುತ್ತದೆ.

ಸಂತೆಗೆ ಜನವೇ ಜೀವ. ನೂರು ಜನ ಸೇರಿ ಒಬ್ಬರ ಮೇಲೊಬ್ಬರು ಗುರಿಯಿಡುವ ಗೇಮಿಗೆ ಆ ನೂರು ಜನ ಬೇಕೇ ಬೇಕು. ಅವರಿಲ್ಲದಿದ್ದರೆ ಗೇಮೇ ಶುರುವಾಗುವುದಿಲ್ಲ. ಅಲ್ಲಿ ಆಟಗಾರರ ಸಂಖ್ಯೆ ಆಟದ ಒಂದು ಅಂಗ. ಬಣ್ಣದಷ್ಟೇ, ಸದ್ದಿನಷ್ಟೇ ಅದರ ಒಳಗಿನ ಸಂಗತಿ. ಹೆನ್ರಿಯ ಕಾಡು ಹಾಗಲ್ಲ. ನಾನು ಅಲ್ಲಿ ನಡೆಯುವಾಗ ಜಗತ್ತಿನಲ್ಲಿ ಇನ್ನು ಮೂವರು ನಡೆಯುತ್ತಿರಲಿ, ಮೂರು ಲಕ್ಷ ಜನ ನಡೆಯುತ್ತಿರಲಿ, ಸಂಜೆಯ ಬೆಳಕು ಬದಲಾಗುವುದಿಲ್ಲ, ಡಿಲೈಲಾಳ ದನಿ ನಡುಗುವ ಜಾಗ ಬದಲಾಗುವುದಿಲ್ಲ. ಸಂಖ್ಯೆ ಆ ಕೃತಿಯ ಹೊರಗೆ ನಿಂತಿದೆ. ಹೊರಗಿನದನ್ನು ಅಳೆದು ಒಳಗಿನದರ ಬಗ್ಗೆ ತೀರ್ಪು ಕೊಡಲು ಹೊರಟಾಗಲೇ ತಪ್ಪು ಶುರುವಾಗುತ್ತದೆ. ಕಥೆಗೆ ಕೊನೆಯಿದೆ, ಕೊನೆಯಿರುವುದರಿಂದಲೇ ಅದು ಕಥೆ. ಕೊನೆ ಮುಟ್ಟಿದವರು ಎದ್ದು ಹೋಗುತ್ತಾರೆ. ಎದ್ದು ಹೋದವರನ್ನು ಕಳೆಯುತ್ತ ಹೋಗುವ ಅಳತೆಗೋಲು, ಮುಗಿಸುವುದನ್ನೇ ಅಪರಾಧವೆಂದು ಬರೆದುಕೊಳ್ಳುತ್ತದೆ.

ಈ ಅಳತೆಯ ಬಿಸಿ ಬರೀ ಮಾತಿನಲ್ಲಿ ಉಳಿಯುವುದಿಲ್ಲ. ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂತಿರುಗಿಸುತ್ತದೆ. ಕೊಳ್ಳುವವರ ಪಾಲಿಗೆ ಇದು ನ್ಯಾಯವಾದ ನಿಯಮ. ಕೆಲಸ ಮಾಡದ ಗೇಮ್ ಕೊಂಡು ಯಾರೂ ಮೋಸಹೋಗಬಾರದು. ಆದರೆ ನಿಯಮದ ಒಳಗೊಂದು ನಂಬಿಕೆ ಅಡಗಿದೆ: 2 ಗಂಟೆಯಲ್ಲಿ ಯಾರೂ ಏನನ್ನೂ ಪೂರ್ತಿ ಪಡೆದಿರಲಾರರು ಎಂಬುದು. 2021ರಲ್ಲಿ ಬಂದ 'ಸಮ್ಮರ್ ಆಫ್ 58' ಎಂಬ ಭಯದ ಕಥೆಯ ಗೇಮ್ ಸುಮಾರು ಒಂದೂವರೆ ಗಂಟೆಯದು. ಆಡಿದವರು ಮೆಚ್ಚಿ ರಿವ್ಯೂ ಬರೆದರು. ಮೆಚ್ಚಿಗೆಯಿದ್ದರೂ ಪೂರ್ತಿ ಆಡಿ ಹಣ ಹಿಂದಕ್ಕೆ ಪಡೆದವರ ಸಂಖ್ಯೆ ಎಷ್ಟಾಯಿತೆಂದರೆ, ತಾವಿನ್ನು ಅನಿರ್ದಿಷ್ಟ ಕಾಲ ಗೇಮ್ ಮಾಡುವುದಿಲ್ಲ ಎಂದು ಅದನ್ನು ಮಾಡಿದವರು ಆ ಆಗಸ್ಟಿನಲ್ಲಿ ಪ್ರಕಟಿಸಿದರು. ಅಭಿಪ್ರಾಯ ಒಂದು ದಿಕ್ಕಿಗೆ, ಸಂಖ್ಯೆ ಇನ್ನೊಂದು ದಿಕ್ಕಿಗೆ. ಸಣ್ಣಕಥೆಯನ್ನು ಓದಿ ಮುಗಿಸಿ, ಬೇಗ ಮುಗಿಯಿತೆಂಬ ಕಾರಣಕ್ಕೆ ಪುಸ್ತಕ ವಾಪಸು ಕೊಡುವುದನ್ನು ನಾವು ಸರಿಯೆನ್ನಲಾರೆವು. ಗೇಮಿನ ವಿಷಯದಲ್ಲಿ ಅದು ಯಾಕೆ ಸಹಜವೆನಿಸಿತು? ಇಲ್ಲಿ ಗಂಟೆಯೇ ಸರಕು ಎಂದು ಬಹಳ ಕಾಲದಿಂದ ಕಲಿಸಿದ್ದೇವೆ, ಅದಕ್ಕೆ.

ಹಾಗೆಂದು ಸಂಖ್ಯೆಯೇ ಬೇಡ ಎನ್ನುವ ಧೈರ್ಯ ನನಗಿಲ್ಲ. ಎಸ್ಟೋನಿಯಾದ ರಾಬರ್ಟ್ ಕುರ್ವಿಟ್ಸ್ ತಾನು ಕಟ್ಟಿದ ಒಂದು ಕಲ್ಪಿತ ಜಗತ್ತನ್ನು 2013ರಲ್ಲಿ ಕಾದಂಬರಿಯಾಗಿ ಬರೆದ. ಅದು ಮಾರಾಟವಾದದ್ದು ಸುಮಾರು ಒಂದು ಸಾವಿರ ಪ್ರತಿ. ಅದೇ ಜಗತ್ತು 2019ರ ಅಕ್ಟೋಬರಿನಲ್ಲಿ 'ಡಿಸ್ಕೊ ಎಲೀಸಿಯಂ' ಎಂಬ ಗೇಮ್ ಆಗಿ ಬಂದಾಗ ಆ ವರ್ಷದ ದ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ನಾಲ್ಕು ಪ್ರಶಸ್ತಿ ಗೆದ್ದಿತು. ಉತ್ತಮ ಕಥನದ ಪ್ರಶಸ್ತಿಯೂ ಅದರಲ್ಲಿ ಸೇರಿತ್ತು. ಅದರಲ್ಲಿ ಕತ್ತಿ ಕಾಳಗವಿಲ್ಲ. ನೆನಪು ಕಳೆದುಕೊಂಡ ಒಬ್ಬ ಪತ್ತೇದಾರ, ಮರಕ್ಕೆ ನೇತುಹಾಕಿದ ಒಂದು ಹೆಣ, ಹತ್ತು ಲಕ್ಷ ಪದಗಳಷ್ಟು ಮಾತು. ಸಾವಿರ ಓದುಗರಿದ್ದಾಗ ಆ ಜಗತ್ತು ಕಡಿಮೆ ಆಳದ್ದಾಗಿರಲಿಲ್ಲ. ಆದರೆ ಹೆಚ್ಚು ಜನ ಬಂದದ್ದರಿಂದಲೇ ಅದು ಸಣ್ಣ ಭಾಷೆಯೊಂದರ ಗಡಿ ದಾಟಿ ನನ್ನಂಥವರ ಕೈಗೂ ಸಿಕ್ಕಿತು. ಸಂಖ್ಯೆ ಒಂದು ಕೃತಿ ಎಷ್ಟು ದೂರ ನಡೆಯಿತೆಂದು ಹೇಳಬಲ್ಲದು, ಮಾಡಿದವರ ಮನೆಯಲ್ಲಿ ಒಲೆ ಉರಿಯುತ್ತದೆಯೇ ಎಂದೂ ಹೇಳಬಲ್ಲದು. ಆ ಎರಡು ಮಾತಿಗೆ ಅದನ್ನು ನಂಬುತ್ತೇನೆ, ಕೃತಿ ಹೇಗಿದೆ ಎಂಬ ಮೂರನೆಯದಕ್ಕಲ್ಲ.

ಸಂಖ್ಯೆಯ ಕಷ್ಟ ಲೆಕ್ಕದ ಕಷ್ಟ, ಹೇಗೋ ಬಿಡಿಸಬಹುದು. ಅಭಿಪ್ರಾಯದ್ದು ಇನ್ನೂ ಆಳದ ತೊಡಕು. ಅದಕ್ಕೆ 'ದ ಲಾಸ್ಟ್ ಆಫ್ ಅಸ್' ಎಂಬ ಗೇಮಿನ ಕಥೆಯನ್ನು ಬಿಚ್ಚಿ ಹೇಳಬೇಕು.

2013ರಲ್ಲಿ ಬಂದ ಮೊದಲ ಭಾಗದಲ್ಲಿ ಆಟಗಾರ ಜೋಯಲ್ ಎಂಬವನಾಗಿ, ಎಲ್ಲೀ ಎಂಬ ಹುಡುಗಿಯನ್ನು ಪಿಡುಗಿನಿಂದ ಹಾಳಾದ ದೇಶದುದ್ದಕ್ಕೂ ಕಾಪಾಡಿಕೊಂಡು ಹೋಗುತ್ತಾನೆ. ಕೊನೆಯಲ್ಲಿ, ಲೋಕಕ್ಕೆ ಮದ್ದು ಹುಡುಕಲು ಅವಳ ಪ್ರಾಣ ತೆಗೆಯಬೇಕಾದ ಶಸ್ತ್ರಚಿಕಿತ್ಸೆಯ ಕೋಣೆ. ಅಡ್ಡ ನಿಂತ ವೈದ್ಯನನ್ನು ಕೊಲ್ಲದೆ ಗೇಮ್ ಮುಂದಕ್ಕೆ ಹೋಗುವುದಿಲ್ಲ. ಬಟನ್ ಒತ್ತುವವನು ಆಟಗಾರ. 2020ರ ಜೂನ್ 19ರಂದು ಬಂದ ಎರಡನೆಯ ಭಾಗದ ಆರಂಭದಲ್ಲೇ ಆ್ಯಬಿ ಎಂಬ ಯುವತಿ ಜೋಯಲ್‌ನನ್ನು ಗಾಲ್ಫ್ ಕೋಲಿನಿಂದ ಬಡಿದು ಕೊಲ್ಲುತ್ತಾಳೆ. ಅವಳು ಆ ವೈದ್ಯನ ಮಗಳು. ಸೇಡಿಗೆಂದು ಎಲ್ಲೀ ಸಿಯಾಟಲ್ ನಗರಕ್ಕೆ ಹೊರಡುತ್ತಾಳೆ. ಅರ್ಧ ದಾರಿ ಕಳೆದ ಮೇಲೆ ಗೇಮ್ ಆಟಗಾರನ ಕೈಗೆ ಆ್ಯಬಿಯನ್ನೇ ಕೊಡುತ್ತದೆ. ಅವಳಾಗಿ, ಎಲ್ಲೀ ಸಿಯಾಟಲ್‌ನಲ್ಲಿ ಕಳೆದ ಅದೇ ಮೂರು ದಿನಗಳನ್ನು ಮತ್ತೆ ಬದುಕಬೇಕು. ಪಾಳು ನಾಟಕಶಾಲೆಯೊಂದರಲ್ಲಿ, ಅವಳಾಗಿ, ಎಲ್ಲೀಯನ್ನು ಹೊಡೆದು ಕೆಡವಬೇಕು.

ಬಿಡುಗಡೆಯಾದ ಮೂರು ದಿನಗಳಲ್ಲಿ ಎರಡನೆಯ ಭಾಗದ 40 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ವಿಮರ್ಶೆಗಳ ಅಂಕ ಒಟ್ಟುಗೂಡಿಸುವ ಮೆಟಾಕ್ರಿಟಿಕ್ ಎಂಬ ಜಾಲತಾಣದಲ್ಲಿ ವಿಮರ್ಶಕರ ಸರಾಸರಿ 100ಕ್ಕೆ 93ರಷ್ಟಿತ್ತು. ಅದೇ ಪುಟದಲ್ಲಿ ಸಾರ್ವಜನಿಕರ ಅಂಕ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ 10ಕ್ಕೆ 4ಕ್ಕಿಂತ ಕೆಳಗೆ ಕುಸಿಯಿತು. ಮುಗಿಸಲು 25 ಗಂಟೆಯಾದರೂ ಬೇಕಾದ ಗೇಮ್ ಅದು. ಏಪ್ರಿಲ್ ಕೊನೆಯಲ್ಲೇ ಕೆಲವು ದೃಶ್ಯಗಳು ಸೋರಿಹೋಗಿದ್ದವು. ಅವನ್ನು ನೋಡಿಯೇ ತೀರ್ಪು ಬರೆದಿಟ್ಟುಕೊಂಡವರಿದ್ದರು. ಸೊನ್ನೆ ಕೊಟ್ಟವರಂತೆ ಅವರಿಗೆ ಎದುರಾಗಿ ಹತ್ತಕ್ಕೆ ಹತ್ತು ಕೊಟ್ಟವರಲ್ಲೂ ಬಹಳ ಮಂದಿ ಆಗಿನ್ನೂ ಗೇಮ್ ಮುಗಿಸಿರಲು ಸಾಧ್ಯವೇ ಇರಲಿಲ್ಲ. ಆ್ಯಬಿಗೆ ದನಿಯಾದ ನಟಿ ಲಾರಾ ಬೇಲಿಗೆ ಕೊಲೆ ಬೆದರಿಕೆಗಳು ಬಂದವು. ಪಾತ್ರ ಮಾಡಿದ ಕೊಲೆಗೆ ಪಾತ್ರಧಾರಿಯ ಮೇಲೆ ಸೇಡು.

ಈ ಗೊಂದಲ ಹೊಸದಲ್ಲ. ಸಾವಿರ ವರ್ಷದ ಹಿಂದೆ ಅಭಿನವಗುಪ್ತ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ನೋಡುವವನು ತನ್ನದೇ ಸುಖದುಃಖದಲ್ಲಿ ಮುಳುಗಿರುವುದು ಅವುಗಳಲ್ಲಿ ಒಂದು. ರಂಗದ ಮೇಲಿನದನ್ನು ತನ್ನದೇ ಎಂದೋ ಯಾರೋ ಒಬ್ಬನದೇ ಎಂದೋ ಹಿಡಿದುಕೊಂಡು ಕೂರುವುದು ಇನ್ನೊಂದು. ಹಿಡಿತ ಸಡಿಲವಾಗಬೇಕು, ಆಗ ದುಃಖ ದುಃಖವಾಗಿ ಉಳಿಯದೆ ಕರುಣರಸವಾಗುತ್ತದೆ. ಇದು ಪ್ರೇಕ್ಷಕನ ಬಗ್ಗೆ ಹೇಳಿದ ಮಾತು. ಗೇಮ್ ಆಡುವವನು ಪ್ರೇಕ್ಷಕನೇ? ಮಕ್ಕಳು ಆಡುವುದನ್ನು ಕೇಳಿಸಿಕೊಳ್ಳಿ. 'ಅವನು ಸತ್ತ' ಎನ್ನುವುದಿಲ್ಲ, 'ಅಯ್ಯೋ, ನಾನು ಸತ್ತೆ' ಎನ್ನುತ್ತಾರೆ. ಸಿನಿಮಾ ನೋಡಿ ಬಂದವರ ಬಾಯಲ್ಲಿ ಬಾರದ ಉತ್ತಮ ಪುರುಷ ಇಲ್ಲಿ ತಾನಾಗಿ ಬರುತ್ತದೆ. ಜೋಯಲ್ ಕೊಂದ ಎಂದು ಸಿನಿಮಾ ನೋಡುವವನು ಹೇಳಿ ಪಾರಾಗಬಹುದು. ಆಟಗಾರನ ಹೆಬ್ಬೆರಳಿಗೆ ಗೊತ್ತಿದೆ.

ತಾಳಮದ್ದಳೆಯ ಅರ್ಥಧಾರಿ ನೆನಪಾಗುತ್ತಾನೆ. ಪ್ರಸಂಗದ ಪದ್ಯ ಮೊದಲೇ ಗೊತ್ತಾದದ್ದು, ಕರ್ಣ ಬೀಳಲೇಬೇಕು. ಆದರೂ ಆ ರಾತ್ರಿ 'ನಾನು' ಎಂದು ಮಾತಾಡುವವನು ಅರ್ಥಧಾರಿಯೇ. ಕಥೆಯ ಜಾಡು ಬದಲಿಸುವ ಅಧಿಕಾರ ಅವನಿಗಿಲ್ಲ, ಮಾತಿನ ಹೊಣೆ ಮಾತ್ರ ಅವನದು. ಕಥೆಯ ಗೇಮ್ ಆಡುವವನ ಪಾಡು ಬಹುಮಟ್ಟಿಗೆ ಇದೇ. ಆದರೆ ಕರ್ಣನ ಅರ್ಥ ಹೇಳಿ ಎದ್ದವನನ್ನು ಹಿಡಿದು, ಪ್ರಸಂಗಕ್ಕೆ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಎದುರಿಗೆ ಕೂತವರಿಗೆ. ಗೇಮ್ ಆಡುವವನು ಒಂದೇ ದೇಹದಲ್ಲಿ ಅರ್ಥ ಹೇಳಿದವನೂ ಹೌದು, ಎದುರಿಗೆ ಕೂತವನೂ ಹೌದು. 'ದ ಲಾಸ್ಟ್ ಆಫ್ ಅಸ್'ನ ಎರಡನೆಯ ಭಾಗದಲ್ಲಿ ಅವನು ಆರೋಪಿಯೂ ಹೌದು. ಅಭಿನವಗುಪ್ತ ವಿಘ್ನವೆಂದದ್ದನ್ನು ಆ ಗೇಮ್ ಮಾಡಿದವರು ಬೇಕೆಂದೇ ಕಟ್ಟಿದರು. ಮೊದಲು ಜೋಯಲ್ ನನ್ನವನು ಎನ್ನಿಸಿದರು, ಆಮೇಲೆ ಆ 'ನನ್ನವನು' ಎಂಬ ಹಿಡಿತದ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು 25 ಗಂಟೆ ತೆಗೆದುಕೊಂಡರು. ಕೆಲವರ ಬೆರಳು ಬಿಟ್ಟಿತು, ಕೆಲವರದು ಬಿಡಲಿಲ್ಲ. ಬಿಡದೆ ನೋವಿನಲ್ಲೇ ಎದ್ದುಹೋದವನು ಸೊನ್ನೆ ಕೊಡುತ್ತಾನೆ. ಆ ಸೊನ್ನೆ ಕೃತಿ ಸೋತದ್ದರ ಗುರುತೋ, ಅದು ನಾಟಿದ್ದರ ಗುರುತೋ? ಅಂಕವೊಂದನ್ನೇ ನೋಡಿ ಇದನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ.

ಕೊನೆಯವರೆಗೆ ಆಡಿ ತಿರಸ್ಕರಿಸಿದವರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಅವರಲ್ಲಿ ಅನೇಕರ ಆಕ್ಷೇಪ ಗಟ್ಟಿಯಾದದ್ದು: ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದ ಆ್ಯಬಿಯ ಜೊತೆಗಾತಿ ನೋರಾಳನ್ನು ಎಲ್ಲೀ ಹಿಂಸಿಸುವಾಗ ಗೇಮ್ ನನ್ನಿಂದಲೇ ಬಟನ್ ಒತ್ತಿಸುತ್ತದೆ, ಒತ್ತದೆ ದಾರಿಯಿಲ್ಲ, ಒತ್ತಿದ ಮೇಲೆ ನೋಡು ನೀನೆಂಥವನು ಎನ್ನುತ್ತದೆ, ಆರಿಸಲು ಬಿಡದೆ ಹೊಣೆ ಹೊರಿಸುವುದು ನ್ಯಾಯವೇ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನೂರು ಹೊಗಳಿಕೆಗಿಂತ ಇಂಥ ಒಂದು ಆಕ್ಷೇಪ ಆ ಕೃತಿಯ ಮರ್ಮಕ್ಕೆ ಹತ್ತಿರ. ಆದರೆ ಸರಾಸರಿಯಲ್ಲಿ ಅದು, ಸೋರಿದ ತುಣುಕು ನೋಡಿ ಒತ್ತಿದ ಸೊನ್ನೆಯ ಪಕ್ಕದಲ್ಲೇ, ಅದೇ ತೂಕದಲ್ಲಿ ಕೂತಿರುತ್ತದೆ. ಸ್ಟೀಮ್‌ನಲ್ಲಂತೂ ಸೊನ್ನೆಯಿಂದ ಹತ್ತರವರೆಗಿನ ಹರವೂ ಇಲ್ಲ. ಹೆಬ್ಬೆರಳು ಮೇಲೆ ಅಥವಾ ಕೆಳಗೆ. 'ಡಿಸ್ಕೊ ಎಲೀಸಿಯಂ'ನ ಹತ್ತು ಲಕ್ಷ ಪದಗಳಿಗೂ ಅಷ್ಟೇ ಉತ್ತರ.

ಕೃತಿಗೆ ಸಂಬಂಧವೇ ಇಲ್ಲದ ಅಭಿಪ್ರಾಯವೂ ಉಂಟು. 2017ರ ಸೆಪ್ಟೆಂಬರಿನಲ್ಲಿ ಪ್ಯೂಡಿಪೈ ಎಂಬ ಯೂಟ್ಯೂಬ್ ತಾರೆ ಬೇರೊಂದು ಗೇಮಿನ ನೇರ ಪ್ರಸಾರದಲ್ಲಿ ಜನಾಂಗೀಯ ಬೈಗುಳ ಆಡಿದಾಗ, 'ಫೈರ್‌ವಾಚ್' ಮಾಡಿದವರು ತಮ್ಮ ಗೇಮಿನ ಮೇಲೆ ಅವನು ಮಾಡಿದ್ದ ವಿಡಿಯೊವನ್ನು ಕೃತಿಸ್ವಾಮ್ಯದ ನೋಟಿಸ್ ಕೊಟ್ಟು ತೆಗೆಸಿದರು. ಸಿಟ್ಟಾದವರು ಸ್ಟೀಮ್‌ನಲ್ಲಿ ಸಾಲುಸಾಲಾಗಿ ಹೆಬ್ಬೆರಳು ಕೆಳಗೆ ಮಾಡಿದರು. ಹೆನ್ರಿಯ ದುಃಖ ಹಿಂದಿನ ವಾರ ಇದ್ದಲ್ಲೇ ಇತ್ತು. ಆಮೇಲೆ ಸ್ಟೀಮ್ ರಿವ್ಯೂಗಳನ್ನು ಕಾಲಾನುಕ್ರಮದ ನಕ್ಷೆಯಾಗಿ ತೋರಿಸತೊಡಗಿತು. 2019ರಿಂದ ವಿಷಯಕ್ಕೆ ಹೊರತಾದ ರಿವ್ಯೂ ದಾಳಿಯನ್ನು ಅಂಕದ ಲೆಕ್ಕದಿಂದ ಬಿಡುವ ಏರ್ಪಾಡು ಮಾಡಿತು. ಮೆಟಾಕ್ರಿಟಿಕ್ 2020ರ ಜುಲೈಯಲ್ಲಿ, ಗೇಮ್ ಬಂದ 36 ಗಂಟೆಯವರೆಗೆ ಸಾರ್ವಜನಿಕರು ರಿವ್ಯೂ ಹಾಕುವಂತಿಲ್ಲ ಎಂಬ ನಿಯಮ ತಂದಿತು. ದಾಳಿ ತಡೆಯುವ ತಂತ್ರವೆಂದು ಇದನ್ನು ನೋಡಿದವರೇ ಹೆಚ್ಚು. ನನಗೆ ಆ 36 ಗಂಟೆಯಲ್ಲಿ ಒಂದು ಒಪ್ಪಿಗೆ ಕಾಣುತ್ತದೆ: ಮಾತಾಡುವ ಹಕ್ಕು ಹಾದುಬಂದ ದಾರಿಯಿಂದ ಬರುತ್ತದೆ ಎಂಬುದರ ಒಪ್ಪಿಗೆ. ಅಭಿಪ್ರಾಯವನ್ನು ಮತದಂತೆ ಎಣಿಸಿದರೆ ಎಲ್ಲವೂ ಸಮ. ಸಾಕ್ಷ್ಯವೆಂದು ಕೇಳಿದರೆ ಮೊದಲ ಪ್ರಶ್ನೆಯೇ ಬೇರೆ: ನೀವು ಅಲ್ಲಿದ್ದಿರಾ, ಎಷ್ಟು ಹೊತ್ತು ಇದ್ದಿರಿ, ನಿಮಗೇನಾಯಿತು?

ಕಥೆಯ ಗೇಮಿಗೆ ಹೊಂದುವ ಅಂಕಿಯನ್ನು ನಾನು ಕಂಡದ್ದು ಗೇಮಿನ ಒಳಗೇ. 2012ರ 'ದ ವಾಕಿಂಗ್ ಡೆಡ್'ನ ಪ್ರತಿ ಕಂತಿನ ಕೊನೆಯಲ್ಲಿ, ನೀನು ಆರಿಸಿದ್ದನ್ನೇ ಆರಿಸಿದವರು ಶೇಕಡ ಎಷ್ಟು ಎಂದು ತೆರೆಯ ಮೇಲೆ ಬರುತ್ತಿತ್ತು. 2015ರ 'ಲೈಫ್ ಈಸ್ ಸ್ಟ್ರೇಂಜ್'ನಲ್ಲೂ ಹಾಗೇ. ಅದರ ಕೊನೆಯಲ್ಲಿ ಮ್ಯಾಕ್ಸ್ ಎಂಬ ಹುಡುಗಿ ಗೆಳತಿ ಕ್ಲೋಯಿಯನ್ನು ಬಿಟ್ಟುಕೊಡಬೇಕು, ಇಲ್ಲವೇ ಇಡೀ ಊರನ್ನು. ಆರಿಸಿ ಕಣ್ಣೊರೆಸಿಕೊಂಡ ಮೇಲೆ ಶೇಕಡಾವಾರು ಬರುತ್ತದೆ. ಅದು ಗೇಮ್ ಒಳ್ಳೆಯದೋ ಕೆಟ್ಟದೋ ಎಂದು ಹೇಳುವುದಿಲ್ಲ. ನನ್ನ ಹಾಗೆ ಇನ್ನೆಷ್ಟೋ ಜನ ಈ ಬಂಡೆಯ ಅಂಚಿನಲ್ಲಿ ನಿಂತಿದ್ದರು, ಅವರಲ್ಲಿ ಇಷ್ಟು ಮಂದಿ ಆಚೆ ತಿರುಗಿದರು ಎನ್ನುತ್ತದೆ. ಆ ಅಂಕಿ ಓದಿದವನು ಗೇಮಿನ ಬಗ್ಗೆ ತೀರ್ಪು ಕೊಡಲು ಹೋಗುವುದಿಲ್ಲ; ತಾನು ಮಾಡಿದ್ದನ್ನು ಇನ್ನೊಮ್ಮೆ ಯೋಚಿಸುತ್ತಾನೆ.

'ಫೈರ್‌ವಾಚ್'ನ ಕೊನೆಯಲ್ಲಿ ಕಾಡಿಗೆ ಬೆಂಕಿ ಹಬ್ಬಿರುತ್ತದೆ. ಹೆನ್ರಿ ಹೊಗೆಯ ನಡುವೆ ಹತ್ತಿ, ಇಷ್ಟು ದಿನ ದೂರದಿಂದ ನೋಡುತ್ತಿದ್ದ ಡಿಲೈಲಾಳ ಗೋಪುರ ತಲುಪುತ್ತಾನೆ. ಅವಳು ಆಗಲೇ ಹೊರಟುಹೋಗಿದ್ದಾಳೆ. ಅವಳ ಕುರ್ಚಿ, ಅವಳ ಮೇಜು, ಅವಳಿಲ್ಲದ ಕೋಣೆ. ಕೊನೆಯ ಸಲ ವಾಕಿಟಾಕಿಯಲ್ಲಿ ಇಬ್ಬರೂ ಮಾತಾಡುತ್ತಾರೆ. ಕರೆದೊಯ್ಯಲು ಹೆಲಿಕಾಪ್ಟರ್ ಬರುತ್ತದೆ, ಒಳಗಿನಿಂದ ಒಂದು ಕೈ ಚಾಚುತ್ತದೆ, ಆಟಗಾರ ಅದನ್ನು ಹಿಡಿಯುತ್ತಾನೆ. ತೆರೆ ಕಪ್ಪಾಗುತ್ತದೆ. ಎಲ್ಲೋ ಒಂದು ಕಡೆ, ಈಗ ಆಡುತ್ತಿರುವವರ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ.