ಕಾಯಿಲೆಗೆ ಕರ್ಮದ ತೀರ್ಪು ಬೇಕೆ?

ಸಕ್ಕರೆ ಕಾಯಿಲೆ, ಮಂಡಿನೋವು, ಕಿಡ್ನಿ ತೊಂದರೆ ಹೀಗೆ ವಾಸಿಯಾಗದೆ ಜೊತೆಗೇ ಉಳಿಯುವ ಕಾಯಿಲೆ ಬಂದವರಿಗೆ ಸಂತೆಮರಹಳ್ಳಿ ಸೀಮೆಯಲ್ಲೂ ಕೇಳಿಬರುವ ಸಮಾಧಾನ ಒಂದಿದೆ: ಹಿಂದಿನ ಜನ್ಮದ ಕರ್ಮ, ಅನುಭವಿಸಿಯೇ ತೀರಬೇಕು. ಸಂತೈಸಲೆಂದೇ ಆಡಿದರೂ ಈ ಮಾತು ನೋವಿನ ಮೇಲೆ ಅಪರಾಧದ ಹೊರೆ ಹೇರುತ್ತದೆ. ಆ ಹೊರೆ ಹೊತ್ತ ಮನಸ್ಸು ಸೆಟೆದುಕೊಳ್ಳುತ್ತದೆ. ಮೊದಲು ನೋವು ಹೋಗಲಿ, ಹೊಲದ ಕಡೆ, ನೆಂಟರ ಮನೆ ಕಡೆ ಆಮೇಲೆ ನೋಡೋಣ ಎಂದು ಬದುಕನ್ನೇ ಮುಂದೂಡುತ್ತದೆ. ಮನಶ್ಶಾಸ್ತ್ರ ಮನಸ್ಸಿನ ಬಿಗಿತ ಎನ್ನುವುದು ಇದನ್ನೇ. ಇದಕ್ಕೆ ಎದುರಾದದ್ದು, ನೋವನ್ನು ಒಪ್ಪಿಕೊಂಡು ಬದುಕನ್ನು ಮುಂದುವರಿಸುವುದು. ಬಹುಕಾಲದ ನೋವಿದ್ದ 160 ಮಂದಿಯನ್ನು ಕುರಿತು ಮನಶ್ಶಾಸ್ತ್ರಜ್ಞ ಲ್ಯಾನ್ಸ್ ಮೆಕ್‌ಕ್ರ್ಯಾಕನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವಿದೆ ಎಂದು ಒಪ್ಪಿಕೊಂಡವರಲ್ಲಿ ಖಿನ್ನತೆ, ಆತಂಕ ಎರಡೂ ಕಡಿಮೆ ಇದ್ದವು. ಅವರ ನೋವೇ ಕಡಿಮೆಯಿತ್ತು ಎಂದು ಇದನ್ನು ತಳ್ಳಿಹಾಕುವಂತಿರಲಿಲ್ಲ.

ಧರ್ಮವನ್ನೇ ಮುಂದಿಟ್ಟು ಮಾತಾಡುವುದಾದರೆ, ಈ ಸೀಮೆಯ ಧರ್ಮ ಬೇರೆಯದನ್ನೇ ಹೇಳಿದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಧರೆಗೆ ದೊಡ್ಡವರು ಎನಿಸಿಕೊಂಡ ಗುರು ಮಂಟೇಸ್ವಾಮಿ ಶರಣರ ಊರಾದ ಕಲ್ಯಾಣಕ್ಕೆ ಬರುವುದು ಕುಷ್ಠ ತುಂಬಿದ ಮೈಯಲ್ಲಿ. ಆ ನಾತಕ್ಕೆ ಶರಣರೆನಿಸಿಕೊಂಡವರು ದೂರ ಸರಿಯುತ್ತಾರೆ. ಅದು ಬರೀ ಲೀಲೆ, ನಿಜವಾದ ರೋಗವಲ್ಲ ಎನ್ನಬಹುದು. ಇರಲಿ. ಆದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ರೋಗಿಯಲ್ಲ, ಅವನನ್ನು ಕಂಡು ಮೂಗು ಮುಚ್ಚಿಕೊಂಡವರು. ರೋಗ ಪಾಪದ ಗುರುತೇ ಆಗಿದ್ದರೆ ಗುರು ಆ ಮೈ ಹೊತ್ತು ಬರುತ್ತಿರಲಿಲ್ಲ.

ಒಪ್ಪಿಕೊಳ್ಳಿ ಎನ್ನುವುದೂ ಹಣೆಬರಹದ ಮಾತೇ ಅಲ್ಲವೆ, ಬಡವರನ್ನು ಸುಮ್ಮನಿರಿಸಲು ಮೊದಲಿಂದ ಬಳಸಿದ್ದೂ ಇದನ್ನೇ ಅಲ್ಲವೆ? ಈ ಆಕ್ಷೇಪಣೆ ಗಟ್ಟಿಯಾದದ್ದು. ಇದಕ್ಕೆ ಉತ್ತರ 2007ರಲ್ಲಿ ಜೆನಿಫರ್ ಗ್ರೆಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿದೆ. ಸಕ್ಕರೆ ಕಾಯಿಲೆಯ 81 ಮಂದಿಯಲ್ಲಿ ಕೆಲವರಿಗೆ ಕಾಯಿಲೆಯ ತಿಳಿವಳಿಕೆಯನ್ನಷ್ಟೇ ಕೊಟ್ಟರು. ಉಳಿದವರಿಗೆ ಅದರ ಜೊತೆಗೆ, ಏಳುವ ಭಯ ಬೇಸರಗಳನ್ನು ದೂಡದೆ ಒಪ್ಪಿಕೊಳ್ಳುವುದನ್ನೂ ಕಲಿಸಿದರು. ಕಲಿಸಿದ್ದು ಒಂದೇ ದಿನ. ಮೂರು ತಿಂಗಳ ಬಳಿಕ ನೋಡಿದರೆ ಒಪ್ಪಿಕೊಳ್ಳಲು ಕಲಿತವರೇ ತಮ್ಮ ಆರೈಕೆಯನ್ನು ಹೆಚ್ಚು ಚೆನ್ನಾಗಿ ಮಾಡಿಕೊಂಡಿದ್ದರು, ಅವರಲ್ಲೇ ಹೆಚ್ಚು ಮಂದಿಗೆ ಸಕ್ಕರೆ ಹತೋಟಿಗೆ ಬಂದಿತ್ತು. ಅಂದರೆ ಒಪ್ಪಿಗೆ ಕೈಕಟ್ಟಿ ಕೂರಿಸಲಿಲ್ಲ. ಕಾಲು ಜೋಮು ಹಿಡಿಯುತ್ತದೆ ಎಂಬುದನ್ನು ಒಪ್ಪಬೇಕು. ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ ಎಂಬುದನ್ನು ಒಪ್ಪಬೇಕಿಲ್ಲ, ಅದನ್ನು ಕೇಳಿ ಪಡೆಯಬೇಕು. ಕರ್ಮದಲ್ಲಿ ನಂಬಿಕೆಯಿದ್ದವರಿಗೂ ಇಂದು ಮಾಡುವ ಕೆಲಸ ಕರ್ಮವೇ.

ಆದ್ದರಿಂದ ರೋಗಿಯನ್ನು ನೋಡಲು ಹೋಗುವವರಲ್ಲಿ ಒಂದು ವಿನಂತಿ. ಹಿಂದಿನ ಜನ್ಮದ ಮಾತನ್ನು ಬಿಡಿ. ಊಟ ಆಯಿತೆ, ಮಾತ್ರೆ ತಗೊಂಡಿರಾ, ಜಗುಲಿಯವರೆಗೆ ನನ್ನ ಜೊತೆ ನಡೆದು ಬರುತ್ತೀರಾ ಎಂದು ಕೇಳಿ.