ಏನೂ ಆಗಿಲ್ಲ ಅನ್ನಬೇಡ, ಯಪ್ಪಾ

ಯಪ್ಪಾ ಶರಣಬಸವಾ, ನಿನ್ನ ಗುಡಿಗೆ ಬಂದವರು ಆರೋಗ್ಯ ಬೇಡುತ್ತಾರೆ. ನಾನು ಇವತ್ತು ಅದನ್ನು ಬೇಡುವುದಿಲ್ಲ. ನನಗೆ ಏನೂ ಆಗಿಲ್ಲವೆಂದು ಹೇಳು ಎಂದೂ ಗೋಗರೆಯುವುದಿಲ್ಲ. ಆ ಮಾತನ್ನು ರಾತ್ರಿಯೆಲ್ಲ ಗೂಗಲ್‌ಗೆ ಕೇಳಿ ದಣಿದಿದ್ದೇನೆ. ಅದು ಒಮ್ಮೆ ಇಲ್ಲ ಅನ್ನುತ್ತದೆ, ಮರುಗಳಿಗೆಗೆ ಇದ್ದರೂ ಇರಬಹುದು ಅನ್ನುತ್ತದೆ. ನಿನ್ನನ್ನೂ ದಿನಾ ಹಾಗೆಯೇ ಕೇಳುತ್ತ ಹೋದರೆ ನೀನೂ ಆ ಮೊಬೈಲಿನ ಸಾಲಿಗೆ ಸೇರಿಬಿಡುತ್ತೀಯ. ಅದು ಬೇಡ.

ಕಪನೂರ ನಿನಗೆ ಗೊತ್ತಿರುವ ಊರೇ. ಕಲಬುರಗಿಯ ಹುಮನಾಬಾದ್ ರಸ್ತೆಯ ಈ ಕೈಗಾರಿಕಾ ಪ್ರದೇಶದಲ್ಲಿ ರಾಶಿ ಮುಗಿದ ಮೇಲೆ ಬೇಳೆ ಮಿಲ್ಲುಗಳಿಗೆ ಪುರುಸೊತ್ತಿಲ್ಲ. ತೊಗರಿ ಒಡೆದಂತೆಲ್ಲ ಹೊಟ್ಟಿನ ಧೂಳು ಹುಬ್ಬಿನ ಮೇಲೆ, ಚಹಾದ ಕಪ್ಪಿನಲ್ಲಿ, ಗಂಟಲಲ್ಲಿ. ಮಿಲ್ಲಿನ ಲೆಕ್ಕ ಬರೆಯುವ ನಾನೂ ಕೆಮ್ಮುತ್ತೇನೆ, ಚೀಲ ಹೊರುವ ಹಮಾಲರೂ ಕೆಮ್ಮುತ್ತಾರೆ. 2020ರ ಮಾರ್ಚ್‌ವರೆಗೆ ಅದು ಬರೀ ಕೆಮ್ಮಾಗಿತ್ತು.

ಸೌದಿಯಿಂದ ಮರಳಿದ್ದ, ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ಆ ತಿಂಗಳು 10ರಂದು ತೀರಿಕೊಂಡರು. 12ರಂದು ಖಾತ್ರಿಯಾಯಿತು: ಕೊರೊನಾಕ್ಕೆ ದೇಶದಲ್ಲಿ ಮೊದಲ ಸಾವು. ಹೋಳಿ ಮುಗಿದು ನಿನ್ನ ತೇರು ಹತ್ತಿರ ಬಂದಿತ್ತು. ತೊಗರಿಯಿಂದ ಹೆಸರಾದ ಊರಿನ ಹೆಸರು ಟಿವಿಯಲ್ಲಿ ಬೇರೆ ಕಾರಣಕ್ಕೆ ಓಡಾಡಿತು. ಒಣ ಕೆಮ್ಮು ಯಾವುದು, ಕಫದ ಕೆಮ್ಮು ಯಾವುದು ಎಂದು ನಾವೆಲ್ಲ ಹುಡುಕಿದ್ದು ಆಗಲೇ. ಅಂದಿನ ಅಂಜಿಕೆಯಲ್ಲಿ ತಪ್ಪಿರಲಿಲ್ಲ, ಯಪ್ಪಾ. ಆದರೆ ರೋಗ ಇಳಿದರೂ ಬೆರಳಿಗೆ ಹತ್ತಿದ ಚಟ ಇಳಿಯಲಿಲ್ಲ.

ಮರುವರ್ಷ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದರು, 46ನೇ ವಯಸ್ಸಿಗೆ. ಎದೆಯಲ್ಲಿ ಗ್ಯಾಸು ತಿರುಗಿದವರೂ ಹೃದಯ ತಪಾಸಣೆಗೆ ಸಾಲು ನಿಂತರು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮತ್ತೆ ಅದೇ ಸಾಲು. ನಾನು ಮಾತ್ರ ಮನೆಯಲ್ಲೇ ಹಾಸಿಗೆ ಮೇಲೆ ಕೂತು ನಾಡಿ ಎಣಿಸುತ್ತಿದ್ದೆ. ಎಣಿಸಿದರೆ ನಾಡಿ ಜೋರಾಗುತ್ತದೆ, ಜೋರಾದದ್ದಕ್ಕೆ ಮತ್ತೆ ಎಣಿಸಬೇಕಾಗುತ್ತದೆ.

ಈ ಹುಡುಕಾಟದ ಯಂತ್ರ ಹೇಗೆ ನಡೆಯುತ್ತದೆಂದು ಬಲ್ಲವರು ಹೇಳಿದ್ದಾರೆ. ಮೈಕ್ರೋಸಾಫ್ಟ್‌ನ ರಯಾನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ 2008ರಲ್ಲಿ ಜನ ಕಾಯಿಲೆಗಳನ್ನು ಹುಡುಕುವ ರೀತಿಯನ್ನು ಅಭ್ಯಾಸ ಮಾಡಿದರು. ಕಾಫಿ ಬಿಟ್ಟರೂ ತಲೆ ನೋಯುತ್ತದೆ, ಮೆದುಳಲ್ಲಿ ಗಡ್ಡೆಯಾದರೂ ನೋಯುತ್ತದೆ. ಮೊದಲನೆಯದು ಸರ್ವೇಸಾಮಾನ್ಯ, ಎರಡನೆಯದು ತೀರಾ ಅಪರೂಪ. ಹುಡುಕಾಟದ ಪುಟಗಳಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸರಿಸಮ. ಹುಡುಕಿದಾಗ ಒಂದು ಗಳಿಗೆ ಎದೆ ಹಗುರಾಗುತ್ತದಲ್ಲ, ಆ ಹಗುರವೇ ಗಾಳ. ತುರಿಕೆಯನ್ನು ಕೆರೆದುಕೊಂಡಷ್ಟೇ ಸುಖ ಅದು.

ಗೂಗಲ್ ಸಾಲದೆ ಹೆಂಡತಿಯನ್ನೂ ಇದಕ್ಕೆ ಎಳೆದಿದ್ದೇನೆ. ‘ಹಣಿ ಮುಟ್ಟಿ ನೋಡು, ಬಿಸಿ ಅದ ಏನು?’ ‘ಇಲ್ರಿ, ತಣ್ಣಗದ. ಆ ಮೊಬೈಲ್ ಬಾಜೂಕಿಟ್ಟು ಮಲಕೋರಿ.’ ಹತ್ತು ನಿಮಿಷಕ್ಕೆ ಮತ್ತೆ ಹಣೆ ಮುಂದೊಡ್ಡುತ್ತೇನೆ. ಮನೆಯವರ ಸಮಾಧಾನದ ಮಾತೂ ಗೂಗಲ್‌ನಂತೆಯೇ ಚಟವಾಗುತ್ತದೆ ಎನ್ನುತ್ತಾರೆ ಮನೋವೈದ್ಯರು. ಆ ಭಾರವನ್ನು ಅವಳ ಮೇಲಿನಿಂದ ಇಳಿಸು, ಯಪ್ಪಾ. ರಾತ್ರಿ ತೀರಾ ತಡೆಯದಾದರೆ 14416ಕ್ಕೆ ಫೋನ್ ಮಾಡುವ ಬುದ್ಧಿ ಕೊಡು. ಟೆಲಿ ಮಾನಸ್ ಅದು, ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಅಂಜಿಕೆಯೂ ಒಂದು ಬ್ಯಾನಿ, ಅದಕ್ಕೂ ಇಲಾಜು ಇದೆ ಎಂದು ಒಪ್ಪುವುದಕ್ಕೆ ನಮ್ಮಂಥವರಿಗೆ ನಾಚಿಕೆ. ಹುಚ್ಚು ಅಂದುಕೊಂಡಾರು ಎಂದು.

ಕೆಮ್ಮಿಗೆ ದವಾಖಾನೆಯವರದೇ ಒಂದು ಕಟ್ಟಳೆ ಇದೆ: ಎರಡು ವಾರ ದಾಟಿದರೆ ಕ್ಷಯವೇನೋ ಎಂದು ಕಫ ಪರೀಕ್ಷೆ ಮಾಡಿಸು. ಸರ್ಕಾರಿ ದವಾಖಾನೆಯಲ್ಲಿ ಅದಕ್ಕೆ ಕಾಸಿಲ್ಲ. ನನಗೆ ಈ ಕಟ್ಟಳೆ ಮೇಲೆ ಪ್ರೀತಿ, ಯಾಕೆಂದರೆ ಅದಕ್ಕೆ ಕೊನೆ ಇದೆ. ಹೋಗಬೇಕು, ಕೊಡಬೇಕು, ವರದಿ ತರಬೇಕು, ಮುಗಿಯಿತು. ಒಬ್ಬ ಡಾಕ್ಟರು ಒಮ್ಮೆ ನೋಡಿ ಹೇಳಿದ ಮೇಲೆ ಉಳಿಯುವ ಚೂರು ಅನುಮಾನವನ್ನು ಯಾವ ಸ್ಕ್ಯಾನಿಂಗೂ ತೆಗೆಯಲಾರದು. ಆ ಚೂರನ್ನು ಕಿಸೆಯಲ್ಲಿಟ್ಟುಕೊಂಡೇ ರೊಟ್ಟಿ ತಿನ್ನುವ, ಲೆಕ್ಕ ಬರೆಯುವ, ಮಲಗುವ ಧೈರ್ಯ ಕೊಡು. ನಾನು ಕೇಳಲು ಬಂದದ್ದು ಇದನ್ನೇ.

ಇನ್ನೊಂದಿದೆ. ನಮ್ಮ ಮಿಲ್ಲಿನ ಹಮಾಲನೊಬ್ಬ ತೊಗರಿ ಬರುವುದಕ್ಕೂ ಮೊದಲಿನಿಂದ ಕೆಮ್ಮುತ್ತಿದ್ದಾನೆ, ಇಳಿದುಹೋಗಿದ್ದಾನೆ. ಕೇಳಿದರೆ ‘ಧೂಳ್ರಿ ಸಾಹುಕಾರ’ ಎಂದು ನಗುತ್ತಾನೆ. ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ, ಅಂಜುವುದಕ್ಕೆ ಅವನಿಗೆ ವೇಳೆ ಎಲ್ಲಿದೆ? ನನಗೆ ಕೊಟ್ಟ ಅಂಜಿಕೆಯಲ್ಲಿ ಅರ್ಧ ತೆಗೆದು ಅವನಿಗೆ ಕೊಡು, ಯಪ್ಪಾ. ಹಂಚುವಾಗ ಎಲ್ಲೋ ಲೆಕ್ಕ ತಪ್ಪಿದೆ. ಅವನ ಅಂದಿನ ಕೂಲಿ ನಾನೇ ಕೊಡುತ್ತೇನೆಂದು ಹೇಳಿ ಒಪ್ಪಿಸಿದ್ದೇನೆ. ಸೋಮವಾರ ಕಫ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು. ಸಾಲು ಉದ್ದವಿದ್ದರೆ ನಮ್ಮಿಬ್ಬರಿಗೂ ತಾಳ್ಮೆ ಕೊಡು. ಮತ್ತೆ ಅಲ್ಲಿ ಗೋಡೆಗೆ ಹಚ್ಚಿದ ರೋಗಲಕ್ಷಣಗಳ ಪಟ್ಟಿಯ ಕಡೆ ನನ್ನ ಕಣ್ಣು ಹೋಗದಂತೆ ಸ್ವಲ್ಪ ನೋಡಿಕೋ.